ಕೆರೆ ಕೋಡಿ ಬಿದ್ದ ವರ್ಷವೇ ಹಡ್ಲು ಒಣಗುವುದು ಹೇಗೆ?

2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಎಂದು ಸರ್ಕಾರ ಘೋಷಿಸಿತು. ಮಲೆನಾಡಿನ ತಾಲ್ಲೂಕುಗಳೂ ಆ ಪಟ್ಟಿಯಲ್ಲಿದ್ದವು. ಮರುವರ್ಷದ ಜುಲೈನಲ್ಲಿ ಸಕಲೇಶಪುರದ ಬಳಿ ಶಿರಾಡಿ ಘಾಟಿಯ ಗುಡ್ಡ ಕುಸಿದು ರಸ್ತೆ ಬಂದ್ ಆಯಿತು. 2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳಕ್ಕೆ ಬಂತು. ವಾಡಿಕೆಯ ದಿನ ಜೂನ್ 1. ಹೇಮಾವತಿಯ ನೀರೂ ಹೋಗಿ ಸೇರುವ ಕೆಆರ್‌ಎಸ್ ಜೂನ್ ಮುಗಿಯುವುದರೊಳಗೇ ತುಂಬಿತು.

ಇದರ ನಡುವೆ ಇನ್ನೊಂದು ಸುದ್ದಿಯೂ ಇದೆ. 2.25 ಹೆಕ್ಟೇರ್‌ಗಿಂತ ದೊಡ್ಡದಾದ ಜೌಗು ಪ್ರದೇಶಗಳನ್ನೆಲ್ಲ ಸ್ಥಳಕ್ಕೇ ಹೋಗಿ ಪರಿಶೀಲಿಸಿ, ಗಡಿ ಗುರುತಿಸಿ ಎಂದು 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಹೇಳಿತು. ಜೌಗು ಪ್ರದೇಶಗಳು ಅಪಾಯದಲ್ಲಿವೆ, ಹವಾಮಾನ ಬದಲಾವಣೆಯಿಂದ ಅಪಾಯ ಹೆಚ್ಚುತ್ತಿದೆ ಎಂಬ ಮಾತು ಅಲ್ಲಿಂದ ಮತ್ತೆ ಶುರುವಾಯಿತು.

ಎರಡನ್ನೂ ಒಟ್ಟಿಗೆ ಓದಿದವರಿಗೆ ಗೊಂದಲವಾಗುವುದು ಸಹಜ. ಮಳೆ ಬೇಕಾದಷ್ಟು ಬರುತ್ತಿದೆ. ಅಣೆಕಟ್ಟೆ ತುಂಬುತ್ತಿದೆ. ಕೆರೆ ಕೋಡಿ ಬೀಳುತ್ತಿದೆ. ಹಾಗಿದ್ದ ಮೇಲೆ ಜೌಗು ಒಣಗುವುದು ಹೇಗೆ? ಮಳೆ ಕಡಿಮೆಯಾದರೆ ತಾನೇ ಒಣಗಬೇಕು, ಅಲ್ವಾ?

ಅಲ್ಲ. ವರ್ಷಕ್ಕೆ ಎಷ್ಟು ಮಳೆ ಬಂತು ಅನ್ನುವುದು ಅರ್ಧ ಲೆಕ್ಕ ಮಾತ್ರ. ಆ ಮಳೆ ಹೇಗೆ ಬಂತು, ಯಾವಾಗ ನಿಂತಿತು, ಬಂದ ನೀರು ನೆಲದ ಮೇಲೆ ಎಷ್ಟು ತಿಂಗಳು ಉಳಿಯಿತು ಅನ್ನುವುದು ಉಳಿದರ್ಧ. ಹವಾಮಾನ ಬದಲಾವಣೆ ಮೊದಲು ಕೈ ಹಾಕುವುದು ಈ ಉಳಿದರ್ಧಕ್ಕೆ. ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಗಳಲ್ಲಿ ಮಲೆನಾಡೂ ಇದೆ, ಬಯಲೂ ಇದೆ. ಶೃಂಗೇರಿಯಲ್ಲಿ ವರ್ಷದ ಮಳೆ 3000 ಮಿಲಿಮೀಟರ್ ದಾಟುತ್ತದೆ. ಕಡೂರು, ಅರಸೀಕೆರೆಯಲ್ಲಿ 600–700ರ ಆಸುಪಾಸು. ಹಾಗಾಗಿ ಈ ಲೆಕ್ಕ ಇಲ್ಲಿ ಎಷ್ಟು ತಿರುವುಮುರುವಾಗಿದೆ ಅನ್ನುವುದು ಚೆನ್ನಾಗಿ ಕಾಣುತ್ತದೆ.

ಜಮಾ ಎಲ್ಲಿಂದ, ಖರ್ಚು ಎಲ್ಲಿಗೆ

ಜೌಗು ಅಂದರೆ ಬರೀ ಕೆರೆಯಲ್ಲ. ಮಲೆನಾಡಿನಲ್ಲಿ ಎರಡು ಗುಡ್ಡಗಳ ನಡುವೆ ತಗ್ಗಿನಲ್ಲಿ ಕೆಸರು ಕೆಸರಾದ ಜಾಗ ಇರುತ್ತದೆ. ಅಂಚಿನಲ್ಲಿ ಕೇದಿಗೆ ಮೆಳೆ, ನಡುವೆ ಜೊಂಡು, ಕಾಡುಕೆಸ. ಕಾಲಿಟ್ಟರೆ ಮೊಣಕಾಲವರೆಗೆ ಹೂಳುತ್ತದೆ. ಇದು ಹಡ್ಲು. ಬಹಳ ಕಡೆ ಹಿಂದಿನವರು ಇದನ್ನೇ ಗದ್ದೆ ಮಾಡಿದರು, ಈಗಿನವರು ಗದ್ದೆ ಬಿಟ್ಟ ಮೇಲೆ ಮತ್ತೆ ಹಡ್ಲಾಗಿದೆ. ಬಯಲುಸೀಮೆಯಲ್ಲಿ ಕೆರೆ, ಕಟ್ಟೆ, ಕೆರೆಯ ಹಿನ್ನೀರಿನ ಅಂಚು, ಏರಿಯ ಕೆಳಗೆ ಸದಾ ಒದ್ದೆಯಾಗಿರುವ ಜವಳು ನೆಲ. ಇವೆಲ್ಲ ಸಿಹಿನೀರಿನ ಜೌಗುಗಳೇ.

ಇವುಗಳ ನೀರಿನ ಲೆಕ್ಕ ಮನೆಯ ಜಮಾ–ಖರ್ಚಿನ ಹಾಗೆ. ಜಮಾ ಮೂರು ದಾರಿಯಲ್ಲಿ ಬರುತ್ತದೆ: ನೇರ ಬಿದ್ದ ಮಳೆ, ಸುತ್ತಲಿನ ಇಳಿಜಾರಿನಿಂದ ಹರಿದು ಬಂದ ನೀರು, ನೆಲದೊಳಗಿಂದ ಒಸರುವ ನೀರು. ಖರ್ಚೂ ಹಾಗೇ: ಬಿಸಿಲಿಗೆ ಆವಿಯಾಗುವುದು, ಗಿಡಗಳು ಹೀರುವುದು, ಕೋಡಿ ಅಥವಾ ತೋಡಿನಲ್ಲಿ ಹರಿದು ಹೋಗುವುದು, ತಳದಲ್ಲಿ ಇಂಗುವುದು.

ಆದರೆ ಎಲ್ಲ ಜೌಗುಗಳ ಜಮಾ ಒಂದೇ ದಾರಿಯದಲ್ಲ. ಬಯಲಿನ ಕೆರೆ ಬದುಕುವುದು ಹರಿದು ಬರುವ ನೀರಿನಿಂದ. ಮಲೆನಾಡಿನ ಹಡ್ಲು ಬದುಕುವುದು ಒಸರುವ ನೀರಿನಿಂದ. ಮಳೆಗಾಲದಲ್ಲಿ ಗುಡ್ಡ ಕುಡಿದ ನೀರು ನಿಧಾನಕ್ಕೆ ಕೆಳಗಿಳಿದು, ಮಳೆ ನಿಂತು ತಿಂಗಳುಗಳಾದ ಮೇಲೂ ಹಡ್ಲಿನ ಬುಡದಲ್ಲಿ ಜಿನುಗುತ್ತಿರುತ್ತದೆ. ಮುಂದೆ ಹೇಳುವುದೆಲ್ಲ ನಿಂತಿರುವುದು ಈ ಒಂದು ವ್ಯತ್ಯಾಸದ ಮೇಲೆ.

ಒಂದೇ ಮಳೆ, ಎರಡು ಫಲ

ಹತ್ತು ದಿನ, ದಿನಕ್ಕೆ 10 ಮಿಲಿಮೀಟರ್‌ನಂತೆ ಮಳೆ ಬಂತು ಅಂದುಕೊಳ್ಳಿ. ಒಟ್ಟು 100. ಇನ್ನೊಂದು ವರ್ಷ ಅದೇ 100 ಮಿಲಿಮೀಟರ್ ಒಂದೇ ಸಂಜೆ ಸುರಿಯಿತು, ಉಳಿದ ಒಂಬತ್ತು ದಿನ ಬಿಸಿಲು. ಮಳೆ ಪುಸ್ತಕದಲ್ಲಿ ಎರಡೂ ಒಂದೇ.

ಕಡೂರಿನ ಬಯಲಲ್ಲಿ ಮೊದಲ ಮಳೆಯಿಂದ ಕೆರೆಗೆ ಹನಿ ನೀರೂ ಬರಲಿಕ್ಕಿಲ್ಲ. ಒಣಗಿದ ನೆಲ ಅದನ್ನೆಲ್ಲ ಕುಡಿದುಬಿಡುತ್ತದೆ. ರಾಗಿಗೆ ಒಳ್ಳೆಯದು, ಕೆರೆಗೆ ಏನೂ ಇಲ್ಲ. ಎರಡನೆಯ ಮಳೆ ಬಂದಾಗ ನೆಲ ಅಷ್ಟು ಬೇಗ ಕುಡಿಯಲಾರದು. ನೀರು ಹಳ್ಳ ಹಿಡಿದು ಕೆರೆಗೆ ನುಗ್ಗುತ್ತದೆ. ಬಯಲಿನ ಎಷ್ಟೋ ಕೆರೆಗಳು ತುಂಬುವುದೇ ವರ್ಷದ ಎರಡು–ಮೂರು ಜೋರು ಮಳೆಗೆ. ಅಂದರೆ ಮಳೆ ರಭಸವಾದಷ್ಟೂ ಕೆರೆಗೆ ಲಾಭ.

ಮೂಡಿಗೆರೆಯ ಹಡ್ಲಿನಲ್ಲಿ ಇದು ಪೂರ್ತಿ ಉಲ್ಟಾ. ಅಲ್ಲಿಗೆ ಬೇಕಾಗಿರುವುದು ಬಿಡದೆ ಹಿಡಿಯುವ ಜಡಿಮಳೆ. ಪುಷ್ಯ, ಆಶ್ಲೇಷ ಮಳೆ ಹದಿನೈದು ದಿನ ಜಿಟಿಜಿಟಿ ಹಿಡಿದರೆ ಗುಡ್ಡದ ಮಣ್ಣು ಆಳದವರೆಗೆ ನೆನೆಯುತ್ತದೆ. ಆಮೇಲೆ ಗದ್ದೆ ಬದಿಯಲ್ಲಿ, ತೋಟದ ತಗ್ಗಿನಲ್ಲಿ, ಕೆಲವು ಹಳೇ ಮನೆಗಳ ನೆಲದಲ್ಲೂ ಜಲ ಏಳುತ್ತದೆ. ಅದೇ ಮಳೆ ಎರಡು ದಿನದಲ್ಲಿ ಸುರಿದರೆ ಮಣ್ಣು ಒಂದು ಮಟ್ಟದವರೆಗೆ ಮಾತ್ರ ಹಿಡಿದುಕೊಳ್ಳುತ್ತದೆ. ಮಿಕ್ಕಿದ್ದು ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ, ಹೊಳೆಯಿಂದ ಅಣೆಕಟ್ಟೆಗೆ. ಗೊರೂರಿನ ಹೇಮಾವತಿ ಜಲಾಶಯ ವಾರದೊಳಗೆ ಏರುತ್ತದೆ, ಒಳಹರಿವಿನ ಸಂಖ್ಯೆ ಪತ್ರಿಕೆಯ ಮುಖಪುಟಕ್ಕೆ ಬರುತ್ತದೆ. ಅಷ್ಟು ಬೇಗ ಅಣೆಕಟ್ಟೆ ಸೇರಿದ ನೀರು ಗುಡ್ಡದಲ್ಲಿ ನಿಂತಿಲ್ಲ ಅನ್ನುವುದನ್ನು ಯಾರೂ ಮುಖಪುಟದಲ್ಲಿ ಬರೆಯುವುದಿಲ್ಲ.

ಅಣೆಕಟ್ಟೆ ಬೇಗ ತುಂಬಿದ ಸುದ್ದಿ ಮತ್ತು ಮಾರ್ಚ್‌ನಲ್ಲಿ ಮಲೆನಾಡಿನ ಹಳ್ಳ ಬತ್ತಿದ ಸುದ್ದಿ ಒಂದಕ್ಕೊಂದು ವಿರೋಧವಲ್ಲ. ಕೆಲವು ವರ್ಷ ಎರಡಕ್ಕೂ ಕಾರಣ ಒಂದೇ ಆಗಿರುತ್ತದೆ.

ಬಯಲಿನ ಕೆರೆಯ ಲಾಭಕ್ಕೂ ಒಂದು ಬೆಲೆಯಿದೆ. ರಭಸದ ನೀರು ಬರಿಗೈಯಲ್ಲಿ ಬರುವುದಿಲ್ಲ, ಮಣ್ಣು ಹೊತ್ತು ತರುತ್ತದೆ. ಒಂದು ಜೋರು ಮಳೆಗೆ ಕೆರೆ ತುಂಬುತ್ತದೆ, ಅದೇ ಮಳೆಗೆ ಕೆರೆಯ ತಳವೂ ಸ್ವಲ್ಪ ಏರುತ್ತದೆ. ಹಳೆಯ ಕೆರೆಗಳ ಕೋಡಿಯನ್ನು ಹಿಂದಿನ ಮಳೆಯ ಅಂದಾಜಿನಲ್ಲಿ ಕಟ್ಟಿದ್ದಾರೆ. ಅದಕ್ಕಿಂತ ಜಾಸ್ತಿ ನೀರು ಒಮ್ಮೆಗೇ ಬಂದರೆ ಏರಿಯ ಮೇಲೆ ಒತ್ತಡ ಬೀಳುತ್ತದೆ. ಸಾಲು ಕೆರೆಗಳಲ್ಲಿ ಮೇಲಿನ ಒಂದು ಏರಿ ಒಡೆದರೆ ಕೆಳಗಿನವೂ ಒಂದರ ಹಿಂದೆ ಒಂದು ಒಡೆಯುವ ಅಪಾಯವಿದೆ.

ಮಳೆ ಕಡಿಮೆಯಾಯಿತಾ, ಜಾಸ್ತಿಯಾಗುತ್ತಾ?

ಈ ಪ್ರಶ್ನೆಗೆ ವಿಜ್ಞಾನಿಗಳ ಉತ್ತರ ಕೇಳಿದರೆ ಜನರಿಗೆ ತಲೆ ಕೆಡುತ್ತದೆ. ಕೇಂದ್ರ ಭೂವಿಜ್ಞಾನ ಸಚಿವಾಲಯ 2020ರಲ್ಲಿ ಹೊರತಂದ ಹವಾಮಾನ ವರದಿಯ ಪ್ರಕಾರ 1951ರಿಂದ 2015ರ ನಡುವೆ ದೇಶದಲ್ಲಿ ಜೂನ್–ಸೆಪ್ಟೆಂಬರ್ ಮಳೆ ಸುಮಾರು 6% ಕಡಿಮೆಯಾಗಿದೆ. ಎದ್ದು ಕಾಣುವಷ್ಟು ಇಳಿಕೆ ಆಗಿರುವುದು ಗಂಗಾ ಬಯಲಿನಲ್ಲಿ ಮತ್ತು ನಮ್ಮ ಪಶ್ಚಿಮ ಘಟ್ಟದಲ್ಲಿ. ಮರುವರ್ಷ, 2021ರಲ್ಲಿ, ವಿಶ್ವಸಂಸ್ಥೆಯ ಹವಾಮಾನ ಬದಲಾವಣೆ ಸಮಿತಿಯಾದ ಐಪಿಸಿಸಿಯ ವರದಿ ಬಂತು. ಈ ಶತಮಾನ ಮುಂದುವರಿದಂತೆ ದಕ್ಷಿಣ ಏಷ್ಯಾದ ಮುಂಗಾರು ಮಳೆ ಹೆಚ್ಚಲಿದೆ ಅಂತ ಅದು ಹೇಳಿತು.

ಯಾವುದು ಸರಿ? ಎರಡೂ ಸರಿ. ಒಂದು ಕಳೆದುಹೋದ ಕಾಲದ ಲೆಕ್ಕ, ಇನ್ನೊಂದು ಬರಲಿರುವ ಕಾಲದ್ದು. ಕಳೆದ ಶತಮಾನದ ಉತ್ತರಾರ್ಧದಲ್ಲಿ ಕಾರ್ಖಾನೆ, ವಾಹನ, ಒಲೆಗಳಿಂದ ಎದ್ದ ಹೊಗೆಯ ಕಣಗಳು ಗಾಳಿಯಲ್ಲಿ ತುಂಬಿಕೊಂಡು ಬಿಸಿಲನ್ನು ತಡೆದವು. ನೆಲ ಕಾಯಬೇಕಾದಷ್ಟು ಕಾಯಲಿಲ್ಲ. ನೆಲಕ್ಕೂ ಸಮುದ್ರಕ್ಕೂ ಇರುವ ಬಿಸಿಯ ವ್ಯತ್ಯಾಸವೇ ಮುಂಗಾರನ್ನು ಎಳೆದು ತರುವುದು. ಆ ವ್ಯತ್ಯಾಸ ಕುಗ್ಗಿದಾಗ ಮುಂಗಾರಿನ ಬಲವೂ ಕುಗ್ಗಿತು. ಹಿಂದೂ ಮಹಾಸಾಗರವೂ ಬಿಸಿಯಾಗುತ್ತಾ ಇದೇ ವ್ಯತ್ಯಾಸವನ್ನು ಇನ್ನಷ್ಟು ತಗ್ಗಿಸಿತು. ಇನ್ನೊಂದು ಕಡೆ, ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು 7% ಜಾಸ್ತಿ ನೀರಾವಿ ಹಿಡಿಯಬಲ್ಲದು. ಬಿಸಿ ಹೆಚ್ಚುತ್ತಾ ಹೋದಂತೆ ಈ ಎರಡನೆಯ ಪರಿಣಾಮ ಮೊದಲನೆಯದನ್ನು ಮೀರುತ್ತದೆ ಅನ್ನುವುದು ಐಪಿಸಿಸಿ ಲೆಕ್ಕ.

ಜಾಸ್ತಿ ಆವಿ ಹಿಡಿದ ಗಾಳಿ ಅದನ್ನು ಮೆಲ್ಲಗೆ ಬಿಡುತ್ತದೆ ಅಂತೇನೂ ಇಲ್ಲ. 1950–2015ರ ನಡುವೆ ಮಧ್ಯ ಭಾರತದಲ್ಲಿ ದಿನಕ್ಕೆ 150 ಮಿಲಿಮೀಟರ್ ಮೀರುವ ಮಳೆಯ ಪ್ರಸಂಗಗಳು ಸುಮಾರು 75% ಹೆಚ್ಚಾಗಿವೆ. ಮಧ್ಯ ಭಾರತದ ಅಂಕಿಯನ್ನು ಹಾಗೇ ತಂದು ಮೂಡಿಗೆರೆಗೆ ಅಂಟಿಸುವುದು ಸರಿಯಲ್ಲ. ಘಟ್ಟದ ಮಳೆಯ ಸ್ವಭಾವವೇ ಬೇರೆ. ಆದರೆ ದಿಕ್ಕು ಒಂದೇ: ಮಳೆ ಬರುವ ದಿನಗಳು ಕಡಿಮೆ, ಬಂದ ದಿನ ಜೋರು. ಒಟ್ಟು ಮಳೆ ನಾಳೆ 10% ಹೆಚ್ಚಾದರೂ ಅದು ಕಡಿಮೆ ದಿನಗಳಲ್ಲಿ ಸುರಿದರೆ ಹಡ್ಲಿನ ಪಾಲಿಗೆ ಅದು ಹೆಚ್ಚಳವೇ ಅಲ್ಲ.

ಬಿಸಿಲು ಕುಡಿಯುವ ನೀರು

ಖರ್ಚಿನ ಕಡೆಯಲ್ಲಿ ಎಲ್ಲರೂ ಮೊದಲು ಹೇಳುವುದು ಆವಿಯಾಗುವುದನ್ನು. ಬಿಸಿ ಜಾಸ್ತಿಯಾದರೆ ನೀರು ಬೇಗ ಆವಿಯಾಗುತ್ತದೆ, ಅಷ್ಟೇ ಅಂತ. ಅಷ್ಟು ಸರಳವೇನಲ್ಲ. ಗಾಳಿಯ ವೇಗ, ತೇವ, ಬಿಸಿಲಿನ ಪ್ರಮಾಣ ಎಲ್ಲ ಸೇರಿ ಅದನ್ನು ತೀರ್ಮಾನಿಸುತ್ತವೆ. ಕಳೆದ ಶತಮಾನದ ಉತ್ತರಾರ್ಧದಲ್ಲಿ ದೇಶದ ತಾಪಮಾನ ಏರುತ್ತಿದ್ದಾಗಲೂ ಹವಾಮಾನ ಕೇಂದ್ರಗಳ ಅಳತೆ ಪಾತ್ರೆಗಳಲ್ಲಿ ಹಲವು ಕಡೆ ನೀರು ಆವಿಯಾಗುವುದು ಕಡಿಮೆಯಾಗಿತ್ತು. ಹಾಗಾಗಿ ಇಲ್ಲಿ ಸ್ವಲ್ಪ ಎಚ್ಚರ ಬೇಕು.

ಆದರೂ ಒಂದು ಲೆಕ್ಕ ಹಾಕಿ ನೋಡಬಹುದು. ಬಯಲಿನ ಕೆರೆಯಲ್ಲಿ ದಿನಕ್ಕೆ ಸರಾಸರಿ 5 ಮಿಲಿಮೀಟರ್ ಆವಿಯಾಗುತ್ತದೆ ಅಂದುಕೊಳ್ಳೋಣ. ಡಿಸೆಂಬರ್‌ನಿಂದ ಮೇ ಕೊನೆಯವರೆಗೆ 180 ದಿನ. ಒಟ್ಟು 90 ಸೆಂಟಿಮೀಟರ್, ಅಂದರೆ ಮೂರಡಿ ನೀರು. ಬಿಸಿ ಏರಿ ಇದು 10% ಜಾಸ್ತಿಯಾಯಿತು ಅಂತಲೇ ಇಟ್ಟುಕೊಳ್ಳಿ, ಇನ್ನೂ 9 ಸೆಂಟಿಮೀಟರ್ ಹೋಗುತ್ತದೆ. ಹತ್ತಡಿ ನೀರಿರುವ ಕೆರೆಗೆ ಈ 9 ಸೆಂಟಿಮೀಟರ್ ಲೆಕ್ಕಕ್ಕೇ ಇಲ್ಲ, ಬರೀ 3%. ಅದೇ ಹಡ್ಲಿನಲ್ಲಿ ನಿಂತಿರುವುದು ಒಂದು ಗೇಣು ನೀರು. 9 ಸೆಂಟಿಮೀಟರ್ ಅಂದರೆ ಅದರ ಅರ್ಧಕ್ಕೆ ಹತ್ತಿರ.

ತೆಳುವಾಗಿ ಹರಡಿರುವ ನೀರಿಗೇ ಹೊಡೆತ ಜಾಸ್ತಿ. ಕೆರೆಗಳಲ್ಲೂ ಹಿನ್ನೀರಿನ ಅಂಚು ಹೀಗೇ. ನಡುವಿನ ಆಳದ ನೀರು ಉಳಿದರೂ ಮೊಣಕಾಲುದ್ದದ ಅಂಚು ಬೇಗ ಒಣಗುತ್ತದೆ. ಕೊಕ್ಕರೆ, ಉಲ್ಲಂಕಿ ಮೇಯುವುದು ಆ ಅಂಚಿನಲ್ಲೇ. ಮೀನಿನ ಮರಿ ಬೆಳೆಯುವುದೂ ಅಲ್ಲೇ. ದೂರದಿಂದ ನೋಡಿದರೆ ಕೆರೆಯಲ್ಲಿ ನೀರಿದೆ ಅನ್ನಿಸುತ್ತದೆ, ಜೌಗಾಗಿ ಅದು ಆಗಲೇ ಮುಗಿದಿರುತ್ತದೆ.

‘ಹವಾಮಾನ ಸುಮ್ನೆ ನೆಪ’

ಇದನ್ನೆಲ್ಲ ಒಪ್ಪದವರೂ ಇದ್ದಾರೆ. ಅವರ ವಾದ ಹೀಗಿದೆ: ಕೆರೆ ಹಾಳಾಗಿದ್ದು ಹೂಳು ತೆಗೆಯದೇ ಇದ್ದುದರಿಂದ. ನೀರು ತರುವ ಕಾಲುವೆ ಒತ್ತುವರಿಯಾಗಿದೆ. ಕೊಳವೆಬಾವಿ ಕೊರೆದು ಕೊರೆದು ಅಂತರ್ಜಲ ಇಳಿದಿದೆ. ಹಡ್ಲಿನಲ್ಲಿ ಬಸಿಗಾಲುವೆ ತೆಗೆದು ಅಡಿಕೆ ಹಾಕಿದವರು ಯಾರು? ಇದನ್ನೆಲ್ಲ ಮಾಡಿದ್ದು ನಾವು, ಈಗ ಹವಾಮಾನದ ಮೇಲೆ ಹಾಕುತ್ತಿದ್ದೇವೆ.

ಈ ವಾದದಲ್ಲಿ ಬಹಳಷ್ಟು ನಿಜ ಇದೆ. ಮೇಲಿನ ಲೆಕ್ಕವನ್ನೇ ಮುಂದುವರಿಸಿ. ಹತ್ತಡಿ ಆಳದ ಕೆರೆಯಲ್ಲಿ ನಾಲ್ಕಡಿ ಹೂಳು ತುಂಬಿದರೆ ಉಳಿಯುವುದು ಆರಡಿ. ಆವಿಯಾಗಿ ಹೋಗುವ ಮೂರಡಿ ಹಾಗೇ ಇದೆ, ಏಕೆಂದರೆ ನೀರಿನ ಹರವು ಬದಲಾಗಿಲ್ಲ. ಮೊದಲು ಹತ್ತರಲ್ಲಿ ಮೂರು ಹೋಗುತ್ತಿತ್ತು, ಈಗ ಆರರಲ್ಲಿ ಮೂರು ಹೋಗುತ್ತದೆ. ಬಯಲಿನ ಕೆರೆಗಳ ಮಟ್ಟಿಗೆ ಇವತ್ತಿನ ದೊಡ್ಡ ಶತ್ರು ಹೂಳು ಮತ್ತು ಒತ್ತುವರಿ, ಬಿಸಿಲಲ್ಲ. ಇದನ್ನು ಒಪ್ಪಿಕೊಳ್ಳುವುದರಿಂದ ಹವಾಮಾನ ವಿಜ್ಞಾನಕ್ಕೆ ಯಾವ ಅವಮಾನವೂ ಇಲ್ಲ.

ಕೊಳವೆಬಾವಿಯ ವಿಷಯವೂ ಹಾಗೇ. ಅಂತರ್ಜಲ ಮೇಲಿದ್ದಾಗ ಅದು ಕೆರೆಗೆ ಒಸರುತ್ತದೆ. ಕೆರೆಯ ತಳಕ್ಕಿಂತ ಕೆಳಗೆ ಇಳಿದ ಮೇಲೆ ಕೆರೆಯ ನೀರೇ ಅದಕ್ಕೆ ಇಳಿಯುತ್ತದೆ. ಅರಸೀಕೆರೆ, ಕಡೂರು ಕಡೆ ತೆಂಗು ಉಳಿಸಿಕೊಳ್ಳಲು ಕೊಳವೆಬಾವಿಗಳು ಆಳ ಆಳಕ್ಕೆ ಹೋದಂತೆ ಕೆರೆಗಳು ಕೊಡುವ ಕಡೆ ನಿಂತಿವೆ, ಪಡೆಯುವ ಕಡೆಯಲ್ಲ.

ಆದರೆ ಈ ವಾದ ಒಂದು ಕಡೆ ಎಡವುತ್ತದೆ. ಮನುಷ್ಯರ ಕೈವಾಡ ಮತ್ತು ಹವಾಮಾನ ಬೇರೆ ಬೇರೆ ಖಾತೆಗಳಲ್ಲ. ಮಳೆ ತಪ್ಪಿದಷ್ಟೂ ರೈತ ಕೊಳವೆಬಾವಿ ಕೊರೆಸುತ್ತಾನೆ. ಕಾಫಿ ತೋಟದ ವಿಷಯವೇ ನೋಡಿ. ಫೆಬ್ರುವರಿ–ಮಾರ್ಚ್‌ನ ಹೂಮಳೆ ಹೊತ್ತಿಗೆ ಸರಿಯಾಗಿ ಬಂದರೆ ರೊಬಸ್ಟಾ ತಾನಾಗಿ ಹೂ ಬಿಡುತ್ತದೆ. ಹೂಮಳೆ ನಂಬುವಂತಿಲ್ಲ ಎಂದಾದಾಗ ಸ್ಪ್ರಿಂಕ್ಲರ್ ಹಾಕಲೇಬೇಕು. ಆ ನೀರು ಬರುವುದು ತೋಟದ ಕೆರೆಯಿಂದ, ಹಳ್ಳದಿಂದ, ಹಡ್ಲಿನ ಬುಡದಲ್ಲಿ ತೋಡಿದ ಹೊಂಡದಿಂದ. ವರ್ಷದಲ್ಲೇ ನೀರು ಅತಿ ಕಡಿಮೆ ಇರುವ ಹೊತ್ತಿನಲ್ಲಿ ಎಲ್ಲ ತೋಟಗಳೂ ಒಟ್ಟಿಗೆ ಪಂಪ್ ಇಳಿಸುತ್ತವೆ. ಇದರಲ್ಲಿ ಹವಾಮಾನದ ಪಾಲೆಷ್ಟು, ಮನುಷ್ಯರ ಪಾಲೆಷ್ಟು ಅಂತ ಬೇರ್ಪಡಿಸುವುದು ಹೇಗೆ? ಮಳೆಯ ಬದಲಾವಣೆ ಪಂಪಿನ ಮೂಲಕವೇ ಹಡ್ಲನ್ನು ತಲುಪುತ್ತಿದೆ.

ಗುಡ್ಡದ ಹುಲ್ಲು, ಬಯಲಿನ ಕೆರೆ

ಸಖರಾಯಪಟ್ಟಣದ ಬಳಿಯ ಅಯ್ಯನಕೆರೆ, ಕಡೂರು ತಾಲ್ಲೂಕಿನ ಮದಗದಕೆರೆ ಎರಡೂ ಇರುವುದು ಬಾಬಾಬುಡನ್‌ಗಿರಿ ಶ್ರೇಣಿಯ ಪೂರ್ವದ ಇಳಿಜಾರಿನ ಕೆಳಗೆ. ಒಂದಕ್ಕೆ ನೀರು ತರುವುದು ವೇದಾ ಹೊಳೆ, ಇನ್ನೊಂದಕ್ಕೆ ಆವತಿ. ಇವೆರಡೂ ಮುಂದೆ ಕೂಡಿ ವೇದಾವತಿಯಾಗಿ ಹಿರಿಯೂರಿನ ವಾಣಿವಿಲಾಸ ಸಾಗರಕ್ಕೆ ಹೋಗುತ್ತವೆ. ಕಡಿಮೆ ಮಳೆಯ ಸೀಮೆಯಲ್ಲಿ ಇಷ್ಟು ದೊಡ್ಡ ಕೆರೆಗಳು ನಿಂತಿರುವುದು ಮೇಲಿನ ಗುಡ್ಡದ ಮಳೆಯನ್ನು ನಂಬಿ. ಮೇಲೆ ಇರುವುದು ಹುಲ್ಲುಗಾವಲು, ಅದರ ಕಣಿವೆಗಳಲ್ಲಿ ಶೋಲಾ ಕಾಡು. ಇವುಗಳ ನಡುವೆ ಸಣ್ಣ ಸಣ್ಣ ಜೌಗುಗಳು. ಯಗಚಿ ಹುಟ್ಟುವುದೂ ಈ ಬೆಟ್ಟಗಳಲ್ಲೇ.

ಕಾಡಿದ್ದರೆ ಬೇಸಿಗೆಯಲ್ಲೂ ಹಳ್ಳ ಹರಿಯುತ್ತದೆ ಅನ್ನುವುದು ನಮ್ಮಲ್ಲಿ ಎಲ್ಲರೂ ಹೇಳುವ ಮಾತು. ಜಲವಿಜ್ಞಾನಿಗಳು ಇದನ್ನು ಷರತ್ತು ಹಾಕಿಯೇ ಒಪ್ಪುತ್ತಾರೆ. ಮರ ನೀರನ್ನು ಇಂಗಿಸುತ್ತದೆ ನಿಜ, ಕುಡಿಯುತ್ತದೆ ಅನ್ನುವುದೂ ನಿಜ. ಇಂಗಿದ್ದು ಕುಡಿದದ್ದಕ್ಕಿಂತ ಜಾಸ್ತಿಯಾದರೆ ಹಳ್ಳಕ್ಕೆ ಲಾಭ, ಇಲ್ಲದಿದ್ದರೆ ನಷ್ಟ. ಹಳೆಯ ಕಾಡಿನ ಸಡಿಲ ಮಣ್ಣಿಗೆ ಇಂಗಿಸುವ ಶಕ್ತಿ ಬಹಳ. ಹುಲ್ಲುಗಾವಲು ಮರಗಳಷ್ಟು ನೀರು ಕುಡಿಯುವುದಿಲ್ಲ. ಆ ಹುಲ್ಲಿನ ಜಾಗದಲ್ಲಿ ಅಕೇಶಿಯಾ, ನೀಲಗಿರಿ ನೆಟ್ಟರೆ ಲೆಕ್ಕ ಬದಲಾಗುತ್ತದೆ, ಹಸಿರು ಹೆಚ್ಚಿದಂತೆ ಕಂಡರೂ. ‘ಗಿಡ ನೆಟ್ಟರೆ ಎಲ್ಲ ಸರಿಹೋಗುತ್ತದೆ’ ಅನ್ನುವ ಉತ್ಸಾಹ ಈ ಬೆಟ್ಟಗಳ ಮಟ್ಟಿಗೆ ಸ್ವಲ್ಪ ಅಪಾಯಕಾರಿ.

ಹವಾಮಾನ ಬದಲಾವಣೆ ಇಲ್ಲಿ ಎರಡು ಕಡೆಯಿಂದ ಬರುತ್ತದೆ. ರಭಸದ ಮಳೆಗೆ ಕಡಿದಾದ ಇಳಿಜಾರು ಜಾರುತ್ತದೆ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಗುಡ್ಡಗಳು ಜಾರಿದಾಗ ಮನೆ, ತೋಟ, ಗದ್ದೆ ಮಣ್ಣಿನಡಿ ಹೋದವು. ಗುಡ್ಡ ಜಾರುವುದು ಅಂದರೆ ನೀರು ಹಿಡಿಯುತ್ತಿದ್ದ ಮಣ್ಣೇ ಕೆಳಗೆ ಹೋಯಿತು ಅಂತ ಅರ್ಥ. ಆ ಹೂಳು ಹೋಗಿ ಕೂರುವುದು ಕೆಳಗಿನ ಹಡ್ಲಿನಲ್ಲಿ, ಗದ್ದೆಯಲ್ಲಿ. ಬೇಸಿಗೆ ಉದ್ದವಾದರೆ ಹುಲ್ಲು ಬೇಗ ಒಣಗಿ ಕಾಳ್ಗಿಚ್ಚಿಗೆ ಸಿಗುತ್ತದೆ. ಸುಟ್ಟು ಬೋಳಾದ ಮಣ್ಣಿನ ಮೇಲೆ ಮೊದಲ ಮಳೆ ಬಿದ್ದಾಗ ಅದು ಇಂಗುವುದಕ್ಕಿಂತ ಕೊಚ್ಚುವುದೇ ಜಾಸ್ತಿ.

ನೀರು ತಂದು ತುಂಬಿಸಿದರೆ ಆಗಲ್ವಾ?

ವಾಣಿವಿಲಾಸ ಸಾಗರದ ಕತೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. 1907ರಲ್ಲಿ ಪೂರ್ತಿಯಾದ ಈ ಅಣೆಕಟ್ಟೆ 1933ರಲ್ಲಿ ಕೋಡಿ ಬಿತ್ತು. ಆಮೇಲೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷಗಳ ನಂತರ. ಮತ್ತೆ 2025ರ ಜನವರಿಯಲ್ಲೂ ಬಿತ್ತು. ‘ನೋಡಿ, ಮಳೆ ಎಷ್ಟು ಹೆಚ್ಚಾಗಿದೆ’ ಅನ್ನಲು ಇದನ್ನೇ ಉದಾಹರಣೆ ಕೊಡುವವರಿದ್ದಾರೆ. ಮಳೆ ಬಂದದ್ದು ನಿಜ. ಆದರೆ ಅದಕ್ಕೂ ಮೊದಲಿನಿಂದ ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಬೇರೆ ನದಿಯಿಂದ ಎತ್ತಿ ತಂದ ನೀರೂ ಆ ಜಲಾಶಯ ಸೇರುತ್ತಿದೆ. ತುಂಬಿದ ಜಲಾಶಯವನ್ನು ನೋಡಿ ಹವಾಮಾನದ ಬಗ್ಗೆ ತೀರ್ಪು ಕೊಡಲು ಹೋದರೆ ಹೀಗೆ ಎಡವುತ್ತೇವೆ.

ಬಯಲಿನ ಕೆರೆಗಳಿಗೆ ನದಿಯಿಂದ ನೀರೆತ್ತಿ ತುಂಬಿಸುವುದು ಈಗ ಎಲ್ಲ ಪಕ್ಷಗಳೂ ಒಪ್ಪಿರುವ ಪರಿಹಾರ. ಕುಡಿಯುವ ನೀರಿಗೆ ಪರದಾಡುವ ಊರಿನವರಿಗೆ ಇದು ಬೇಡ ಅನ್ನುವ ಹಕ್ಕು ಬೇರೆಯವರಿಗಿಲ್ಲ. ಕೆರೆ ತುಂಬಿದರೆ ಸುತ್ತಲಿನ ಬಾವಿಗಳಲ್ಲಿ ನೀರು ಏರುವುದೂ ಹೌದು. ಪ್ರಶ್ನೆ ಇರುವುದು ನೀರು ಕೊಡುವ ಜಾಗದಲ್ಲಿ.

ಬಯಲಿಗೆ ನೀರು ಒಯ್ಯುವ ಸಕಲೇಶಪುರದ ಎತ್ತಿನಹೊಳೆ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆಯಾಯಿತು. ಪಶ್ಚಿಮಕ್ಕೆ ಹರಿಯುವ ಹಳ್ಳಗಳಿಂದ 24.01 ಟಿಎಂಸಿ ನೀರು ಸಿಗುತ್ತದೆ ಅನ್ನುವುದು ಸರ್ಕಾರದ ಲೆಕ್ಕ. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡದ ಅಂದಾಜು 9.55 ಟಿಎಂಸಿ. ಮಳೆಗಾಲದ ಹೆಚ್ಚುವರಿ ನೀರು ಮಾತ್ರ ತೆಗೆಯುತ್ತೇವೆ, ಬೇಸಿಗೆಯ ಹರಿವನ್ನು ಮುಟ್ಟುವುದಿಲ್ಲ ಎಂದು ಯೋಜನೆಯ ಪರ ಇರುವವರು ಹೇಳುತ್ತಾರೆ. ಹೊಳೆಗೆ ಹೆಚ್ಚುವರಿ ಅಂತ ಒಂದಿಲ್ಲ, ಪ್ರವಾಹದ ನೀರಿಗೂ ಕೆಳಗೆ ಕೆಲಸವಿದೆ ಎಂದು ವಿರೋಧಿಸುವವರು ಹೇಳುತ್ತಾರೆ. ಎರಡೂ ಕಡೆಯ ಲೆಕ್ಕಗಳು ನಿಂತಿರುವುದು ಹಿಂದಿನ ವರ್ಷಗಳ ಮಳೆಯ ಮೇಲೆ. ಮುಂದಿನ ಮಳೆ ಕಡಿಮೆ ದಿನಗಳಲ್ಲಿ ಬಂದರೆ ‘ಹೆಚ್ಚುವರಿ’ ಸಿಗುವ ದಿನಗಳೂ ಕಡಿಮೆ. ಆ ಕೆಲವೇ ದಿನಗಳ ರಭಸದ ನೀರನ್ನು ಪಂಪುಗಳು ಎಷ್ಟು ಹಿಡಿಯಬಲ್ಲವು ಅನ್ನುವುದು ಬೇರೆಯೇ ಪ್ರಶ್ನೆ. ಹಣದ ಲೆಕ್ಕ ಬಿಡಿ, ಹವಾಮಾನದ ಈ ಲೆಕ್ಕವನ್ನಾದರೂ ಹೊಸದಾಗಿ ಹಾಕಬೇಕಿತ್ತು.

ಮುಂದೆ ಏನಾಗಬಹುದು

ಮೊದಲು ಬದಲಾಗುವುದು ನೀರು ನಿಲ್ಲುವ ತಿಂಗಳುಗಳು. ಹಡ್ಲಿನಲ್ಲಿ ಫೆಬ್ರುವರಿವರೆಗೆ ನಿಲ್ಲುತ್ತಿದ್ದ ನೀರು ಡಿಸೆಂಬರ್‌ಗೇ ಹೋದರೆ ಅಲ್ಲಿ ಬದುಕುವ ಜೀವಿಗಳೂ ಬದಲಾಗುತ್ತವೆ. ಗೊದಮೊಟ್ಟೆ ಕಪ್ಪೆಯಾಗಲು ವಾರಗಳು ಬೇಕು. ಅಷ್ಟರಲ್ಲಿ ನೀರು ಬತ್ತಿದರೆ ಆ ವರ್ಷದ ಸಂತಾನ ಅಲ್ಲಿಗೆ ಮುಗಿಯಿತು. ಮುಂಗಾರಿನ ಮೊದಲ ನೀರಿಗೆ ಹೊಳೆಯಿಂದ ಗದ್ದೆಗೆ ಏರಿ ಬರುವ ಹತ್ತುಮೀನಿನ ಕತೆಯೂ ಹಾಗೇ. ಮೇ ತಿಂಗಳಲ್ಲೇ ಜೋರು ಮಳೆ ಬಂದರೆ ಮೀನು ಹತ್ತುತ್ತದೆ, ಮೊಟ್ಟೆಯಿಡುತ್ತದೆ. ಜೂನ್‌ನಲ್ಲಿ ಮೂರು ವಾರ ಮಳೆ ಬಿಡುವು ಕೊಟ್ಟರೆ ಮರಿ ಒಣಗಿದ ಗದ್ದೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಮುಂಗಾರು ಬೇಗ ಬಂದರೆ ಒಳ್ಳೆಯದೇ ಅನ್ನುವ ಹಾಗಿಲ್ಲ. ಬಂದ ಮೇಲೆ ನಿಲ್ಲದೆ ಮುಂದುವರಿಯಬೇಕು.

ಹಡ್ಲಿನ ಕಪ್ಪು ಮಣ್ಣಿನಲ್ಲಿ ವರ್ಷಗಟ್ಟಲೆ ಕೊಳೆಯದ ಎಲೆ, ಬೇರು ಸೇರಿಕೊಂಡಿರುತ್ತದೆ. ನೀರು ನಿಂತಿರುವವರೆಗೆ ಗಾಳಿ ಸಿಗದೆ ಅದು ಹಾಗೇ ಇರುತ್ತದೆ. ಒಣಗಿದರೆ ಕೊಳೆತು ಅದರ ಇಂಗಾಲ ಗಾಳಿಗೆ ಸೇರುತ್ತದೆ. ಹಾಗಂತ ನೀರು ನಿಂತ ಜೌಗು ಪೂರ್ತಿ ನಿರಪರಾಧಿಯೂ ಅಲ್ಲ, ಅದರಿಂದ ಮೀಥೇನ್ ಹೊರಬರುತ್ತದೆ. ಇಷ್ಟಾದರೂ, ಶತಮಾನಗಳಿಂದ ಕೂಡಿಟ್ಟದ್ದನ್ನು ಕೆಲವೇ ಬೇಸಿಗೆಗಳಲ್ಲಿ ಬಿಟ್ಟುಕೊಡುವುದು ಒಳ್ಳೆಯ ವ್ಯಾಪಾರವಲ್ಲ.

ಬಯಲಿನ ಕೆರೆಗಳಲ್ಲಿ ಏರಿಳಿತ ಜಾಸ್ತಿಯಾಗುತ್ತದೆ. ಒಂದು ವರ್ಷ ಕೋಡಿ, ಮುಂದಿನ ಎರಡು ವರ್ಷ ಬಿರುಕು ಬಿಟ್ಟ ತಳ. ನೀರು ತಗ್ಗಿದಾಗ ಗೊಬ್ಬರ, ಚರಂಡಿ ನೀರಿನ ಅಂಶ ಗಟ್ಟಿಯಾಗಿ ಪಾಚಿ, ಅಂತರಗಂಗೆ ಹಬ್ಬುತ್ತದೆ. ಸತತ ಎರಡು ವರ್ಷ ಖಾಲಿಯಿದ್ದ ಕೆರೆಯಂಗಳಕ್ಕೆ ಉಳುಮೆ ಬರುತ್ತದೆ, ಆಮೇಲೆ ಬೇಲಿ ಬರುತ್ತದೆ. ಕೋಡಿ ಬೀಳುವ ವರ್ಷ ಬಂದಾಗ ಅದೇ ಜನ ‘ಹೊಲಕ್ಕೆ ನೀರು ನುಗ್ಗಿತು’ ಎಂದು ಪರಿಹಾರ ಕೇಳುತ್ತಾರೆ.

ಇದಕ್ಕೆ ಹೂಳೆತ್ತುವುದೇ ಮದ್ದು ಅಂತ ಜೆಸಿಬಿ ಇಳಿಸುವಾಗಲೂ ಒಂದು ಎಚ್ಚರ ಬೇಕು. ಕೆರೆಯ ತಳದ ಜಿಗುಟು ಮಣ್ಣಿನ ಪದರವೇ ನೀರನ್ನು ಹಿಡಿದಿಡುವುದು. ಅದನ್ನೂ ಕೆತ್ತಿ ತೆಗೆದರೆ ನೀರು ಸೋರಿ ಹೋಗುತ್ತದೆ. ಅಂಚಿನ ಇಳಿಜಾರನ್ನು ನೆಟ್ಟಗೆ ಕಡಿದು ಬಟ್ಟಲಿನ ಆಕಾರ ಮಾಡಿದರೆ ನೀರಿನ ಹೊಂಡ ಸಿಗುತ್ತದೆ, ಜೌಗು ಹೋಗುತ್ತದೆ.

ಪಟ್ಟಿಯಲ್ಲಿ ಯಾವುದು ಸೇರುತ್ತದೆ

ಈಗ ಸಮೀಕ್ಷೆಗೆ ಬರೋಣ. ಇಸ್ರೊ 2021ರಲ್ಲಿ ತಂದ ಜೌಗು ನಕಾಶೆಯಲ್ಲಿ ದೇಶದಲ್ಲಿ 2.25 ಹೆಕ್ಟೇರ್‌ಗಿಂತ ದೊಡ್ಡ ಜೌಗುಗಳು ಸುಮಾರು 2.31 ಲಕ್ಷ ಇವೆ. ಕೋರ್ಟ್ ಹೇಳಿದ್ದು ಇವುಗಳನ್ನು ನೆಲದ ಮೇಲೆ ಪರಿಶೀಲಿಸಲು. ಜೌಗು ಉಳಿಸಲೆಂದೇ ಇರುವ ಅಂತರರಾಷ್ಟ್ರೀಯ ರಾಮ್ಸಾರ್ ಒಪ್ಪಂದದ ಪ್ರಕಾರ ಮನುಷ್ಯ ಕಟ್ಟಿದ್ದೂ ಜೌಗೇ, ವರ್ಷದ ಕೆಲವು ತಿಂಗಳು ಮಾತ್ರ ಒದ್ದೆಯಿರುವುದೂ ಜೌಗೇ. 2024ರ ಹೊತ್ತಿಗೆ ರಾಜ್ಯದಲ್ಲಿ ಆ ಒಪ್ಪಂದದ ಮನ್ನಣೆ ಸಿಕ್ಕಿದ್ದು ರಂಗನತಿಟ್ಟು, ಮಾಗಡಿ ಕೆರೆ, ಅಂಕಸಮುದ್ರ, ಅಘನಾಶಿನಿ ನಾಲ್ಕಕ್ಕೆ. ಹಾಸನ, ಚಿಕ್ಕಮಗಳೂರಿನಿಂದ ಒಂದೂ ಇಲ್ಲ.

ನಮ್ಮ 2017ರ ಜೌಗು ಪ್ರದೇಶ ನಿಯಮಗಳು ಅಷ್ಟು ಉದಾರವಾಗಿಲ್ಲ. ನದಿಯ ಪಾತ್ರ, ಭತ್ತದ ಗದ್ದೆ, ಕುಡಿಯುವ ನೀರು ಅಥವಾ ನೀರಾವರಿಗೆಂದೇ ಕಟ್ಟಿದ ಜಲಮೂಲ ಇವೆಲ್ಲ ಅದರ ವ್ಯಾಖ್ಯೆಯಿಂದ ಹೊರಗೆ. ಅಯ್ಯನಕೆರೆ ನೀರಾವರಿ ಕೆರೆ. ಹಾಗಾಗಿ ನಿಯಮದ ಅಕ್ಷರ ಹಿಡಿದರೆ ಅದು ಜೌಗಲ್ಲ. ಕೆರೆಗಳಿಗಾದರೂ ಬೇರೆ ಕಾನೂನಿದೆ, ಇಲಾಖೆಯಿದೆ, ಊರಿನ ಕಣ್ಣಿದೆ. ಹಡ್ಲಿಗೆ ಇದಾವುದೂ ಇಲ್ಲ. 2.25 ಹೆಕ್ಟೇರ್ ಅಂದರೆ ಸುಮಾರು ಐದೂವರೆ ಎಕರೆ. ಮಲೆನಾಡಿನ ಬಹುತೇಕ ಹಡ್ಲುಗಳು ಅದಕ್ಕಿಂತ ಚಿಕ್ಕವು. ಪಹಣಿಯಲ್ಲಿ ಅವು ಗದ್ದೆ, ಖರಾಬು ಅಥವಾ ಯಾರದೋ ಹಿಡುವಳಿಯ ಒಂದು ಮೂಲೆ. ಅಳತೆಯಲ್ಲೂ ಹೊರಗೆ, ದಾಖಲೆಯಲ್ಲೂ ಹೊರಗೆ.

ಮಳೆ ಅಳೆಯುವುದರಲ್ಲಿ ನಾವು ಹಿಂದೆ ಬಿದ್ದಿಲ್ಲ. ರಾಜ್ಯ ವಿಪತ್ತು ಉಸ್ತುವಾರಿ ಕೇಂದ್ರದ ಮಳೆ ಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದವರೆಗೂ ಇವೆ. ಹಳೆಯ ಕಾಫಿ ತೋಟಗಳಲ್ಲಿ ತಲೆಮಾರುಗಳಿಂದ ಇಂಚು–ಸೆಂಟ್ಸ್ ಲೆಕ್ಕದಲ್ಲಿ ಮಳೆ ಬರೆದಿಟ್ಟ ಪುಸ್ತಕಗಳಿವೆ. ಅದೇ ಪುಸ್ತಕದ ಪಕ್ಕದ ಅಂಕಣದಲ್ಲಿ ಹಡ್ಲಿನ ಒಸರು ಯಾವ ವಾರ ನಿಂತಿತು ಅಂತ ಒಂದು ಸಾಲು ಬರೆದಿದ್ದರೆ ಇವತ್ತಿನ ಅರ್ಧ ವಾದಗಳಿಗೆ ಉತ್ತರ ಸಿಗುತ್ತಿತ್ತು. ಈಗಲಾದರೂ ಬರೆಯಬಹುದು, ಅದಕ್ಕೆ ಬೇಕಾಗುವುದು ಒಂದು ಗೂಟ ಮತ್ತು ಒಂದು ಪೆನ್ನು.

ಸ್ಥಳ ಪರಿಶೀಲನೆಗೆ ಬರುವ ತಂಡ ಯಾವ ತಿಂಗಳಲ್ಲಿ ಬರುತ್ತದೆ ಅನ್ನುವುದೂ ಮುಖ್ಯ. ಆಗಸ್ಟ್‌ನಲ್ಲಿ ಬಂದರೆ ಮಲೆನಾಡೆಲ್ಲ ಜೌಗಾಗಿ ಕಾಣುತ್ತದೆ. ಮಾರ್ಚ್‌ನಲ್ಲಿ ಬಂದರೆ ಹಡ್ಲು ದನ ಮೇಯುವ ಒಣ ಹುಲ್ಲಿನಂತೆ ಕಾಣುತ್ತದೆ, ಪಹಣಿಯೂ ಅದನ್ನೇ ಹೇಳುತ್ತದೆ. ಮಳೆ ನಿಂತ ಮೇಲೆ, ಡಿಸೆಂಬರ್–ಜನವರಿಯಲ್ಲಿ, ಬಂದವರಿಗೆ ಮಾತ್ರ ಯಾವ ತಗ್ಗಿನಲ್ಲಿ ಇನ್ನೂ ನೀರು ಒಸರುತ್ತಿದೆ, ಯಾವುದರಲ್ಲಿ ನಿಂತಿದೆ ಅನ್ನುವುದು ಗೊತ್ತಾಗುತ್ತದೆ.